ಹತ್ತೊಂಬತ್ತನೇ ಸಾಲು

ಶಹಾಪುರದ ಆಫೀಸಿನಿಂದ ಒಂದು ಹಾಳಿ ಬಂತು:
ಮೆಂಬರು ತಿಂಗಳಿಗೊಮ್ಮೆ ಅಂಗನವಾಡಿ ನೋಡಬೇಕು,
ನೋಡಿ ಸಹಿ ಮಾಡಬೇಕು.
ಪಿಡಿಒ ಸಾಹೇಬರು ಓದಿ ಹೇಳಿದ್ರು.
ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡೆ,
ಎಲೆಅಡಿಕಿ ಕಟ್ಟೋ ಜಾಗದಾಗ.

ನಮ್ಮೂರ ಎರಡನೇ ನಂಬರ ಅಂಗನವಾಡಿ
ದರ್ಗಾದ ಹಿಂದ, ಹಳೇ ಗರಡಿ ಮನ್ಯಾಗ.
ಶಹಾಬಾದ ಫರ್ಸಿ ನೆಲ, ಎರಡು ಒಡದಾವ.
ಚಾಂದಬಿ ಟೀಚರು ಕುರ್ಚಿ ಒರಸಿ ಕೊಟ್ಟಳು.
ಹೋದ ವರ್ಷ ಇದೇ ಚಾಂದಬಿ
ಪಾಟಿ ಮ್ಯಾಲ ಕೈ ಹಿಡದು ನನಗ ಸಹಿ ಕಲಿಸಿದಾಕಿ,
"ಸಾ-ದ ಬಾಲ ಹಿಂಗ ಎಳೀರಿ ಸಾಬಮ್ಮಕ್ಕ" ಅಂತ.
ಈಗ ಆಕಿ ನಿಂತಾಳ, ನಾ ಕೂತೀನಿ.

ಹಾಳ್ಯಾಗ ಹದಿನೆಂಟು ಪ್ರಶ್ನೆ.
ನೀರು ಅದೇನು? ಅದ, ಕೊಡದಾಗ.
ಪಾಯಖಾನಿ ಅದೇನು? ಅದ, ಕೀಲಿ ಹಾಕೇದ,
ಕೀಲಿಕೈ ಕಂತ್ರಾಟುದಾರನ ಬಲ್ಲಿ.
ತತ್ತಿ ಕೊಡತಾರೇನು?
ಯಂಕಮ್ಮ ಟ್ರೇ ತಂದು ಮುಂದಿಟ್ಟಳು.
ಸಂತ್ಯಾಗ ಎಣಿಸಿದಂಗ ಎಣಿಸಿದೆ. ಹತ್ತೊಂಬತ್ತು.
ಸರ್ಕಾರ ಕೊಡೂದು ಆರು ರೂಪಾಯಿ, ಅಂಗಡ್ಯಾಗ ಏಳು,
ಆ ಆರೂ ಬರದೇ ನಾಕು ತಿಂಗಳಾತು.
ಮತ್ತ ಯಾರು ಕೊಡತಾರ ರೊಕ್ಕ, ಅಂದೆ.
ಚಾಂದಬಿ ಮುಂಗೈ ತಿರುವಿ ತೋರಿಸಿದಳು.
ಬಂಗಾರದ ಬಳಿ ಇದ್ದ ಗುರುತಷ್ಟೇ ಇತ್ತು.
ಹಾಳ್ಯಾಗ ಆ ಪ್ರಶ್ನೆ ಇರಲಿಲ್ಲ.

ಮಕ್ಕಳು ಹನ್ನೊಂದು.
ಒಂದು ಮೂಲ್ಯಾಗ ನಿದ್ದಿ ಹೊಡೀತಿತ್ತು, ಅದನ್ನೂ ಸೇರಿಸಿ.
ಪುಸ್ತಕದಾಗ ಇಪ್ಪತ್ತೇಳು.
ತತ್ತಿ ಇದಕ್ಕೂ ಕೂಡಲಿಲ್ಲ, ಅದಕ್ಕೂ ಕೂಡಲಿಲ್ಲ.

ಓದಾಕ ಪೂರಾ ಬರೂದಿಲ್ಲ ನನಗ,
ಅಂಗಳದಾಗ ಕೋಳಿಮರಿ ಹಿಡದಂಗ
ಬೆರಳಿಟ್ಟು ಒಂದೊಂದು ಅಕ್ಷರ ಹಿಡೀತೀನಿ.
ದೇವಿಂದ್ರ. ರಿಹಾನಾ. ಶರಣು.
ಹತ್ತೊಂಬತ್ತನೇ ಸಾಲಿನಾಗ ಬೆರಳು ನಿಂತಿತು.
ಮೌ. ನಿ. ಕಾ.
ನನ್ನ ಮೊಮ್ಮಗಳು.
ತಿಂಥಣಿಗೆ ಹರಕಿ ಹೊತ್ತು ಇಟ್ಟ ಹೆಸರು.

ದೀಪಾವಳಿ ಮರುದಿನ ಆ ಕೂಸು
ಹಾಸಿಗಿ ಗಂಟಿನ ಮ್ಯಾಲ ಕೂತು ಬೆಂಗಳೂರು ಬಸ್ಸಿನಾಗ ಹೋತು.
ಫೋನಿನಾಗ ನೋಡೇನಿ:
ಎದ್ದು ನಿಂತ ಹದಿನಾಕು ಮಾಳಗಿಯ ಬುಡಕ್ಕ
ಉಸುಕಿನ ಗುಂಪಿ ಮ್ಯಾಲ ಆಡತದ,
ಅತ್ತಿತ್ತ ಹೋಗಬಾರದಂತ ಸೊಂಟಕ್ಕ ಹಗ್ಗ.

ಇಲ್ಲಿ ಪುಸ್ತಕದಾಗ ಆಕಿ ದಿನಾ ಬಂದಾಳ.
ತತ್ತಿ ತಿಂದಾಳ, ಹಾಲು ಕುಡದಾಳ.
ಸಂಕ್ರಮಣಕ್ಕ ಹತ್ತು ಕಿಲೋ ಇನ್ನೂರು,
ಯುಗಾದಿಗೆ ಹನ್ನೊಂದೂವರಿ.
ಕೆಂಪು ದಾಟಿ ಹಳದಿ, ಹಳದಿ ದಾಟಿ ಹಸರು.
ಖರೇ ಹೇಳತೀನಿ, ಒಂದು ಗಳಿಗಿ
ಖುಷಿ ಆತು ನನಗ.

"ಇದೇನವಾ?" ಅಂದೆ.
ಚಾಂದಬಿ ನೆಲ ನೋಡಲಿಲ್ಲ.
"ಹೆಸರು ಹೊಡದ್ರ ಕೇಂದ್ರ ಮುಚ್ಚತಾರ, ಅಕ್ಕ.
ಈ ಹನ್ನೊಂದು ಕೂಸು ಎರಡು ಹಳ್ಳ ದಾಟಿ
ಮುಂದಿನೂರಿಗೆ ಹೋಗತಾವೇನು?
ಮಿಕ್ಕ ತತ್ತಿ ನಾ ಮಾರಿಲ್ಲ, ಇದ್ದವಕ್ಕ ಎರಡೆರಡು ತಿನಿಸೀನಿ.
ಯಂಕಮ್ಮನ್ನ ಕೇಳ್ರಿ."
ಯಂಕಮ್ಮ ಬಾಗಿಲ ಹೊರಗ ಬೂದಿ ಹಚ್ಚಿ ಬೋಗಾಣಿ ತಿಕ್ಕತಿದ್ದಳು.
ತಿಕ್ಕೂದು ನಿಲ್ಲಿಸಲಿಲ್ಲ.

ಕಾಟಾ ತೂಗುಬಿಡು, ಅಂದೆ.
ನಿದ್ದಿಗಣ್ಣಿನ ಕೂಸನ್ನ ಚೀಲದಾಗ ಕೂಡಿಸಿ
ತೊಲಿಗೆ ತೂಗು ಹಾಕಿದ್ರು.
ಕೂಸು ಕಾಲು ಝಾಡಿಸಿತು, ಮುಳ್ಳು ನಿಲ್ಲವಲ್ದು.
ಒಂಬತ್ತಕ್ಕ ಹೋತು, ಹತ್ತಕ್ಕ ಹೋತು, ತಿರುಗಿ ಬಂತು.
ಬೂದಿ ಕೈಲೇ ಯಂಕಮ್ಮನೂ ಬಂದು ನಿಂತಳು.
ಮೂರೂ ಮಂದಿ ಮುಳ್ಳು ನೋಡಿಕೋತ,
ಯಾರೂ ಉಸಿರು ಬಿಡಲಿಲ್ಲ.

ಪುಸ್ತಕ ತಗೊಂಡೆ.
ನಮ್ಮ ಮನಿ ಸಾಲಿಗೆ ಒಂದು ಗೆರಿ ಎಳದೆ,
ಬಾಜೂಕ ಬರದೆ: ಊರಾಗಿಲ್ಲ.
ಅಷ್ಟು ಬರಿಯಾಕ ಭಾಳ ಹೊತ್ತು ಹಿಡೀತು.
ಉಳಿದವು ಇಪ್ಪತ್ತಾರು.
ಇಲ್ಲದ ಹದಿನೈದು ಯಾರ ಮನಿಯವು ಅಂತ ನನಗ ಗೊತ್ತು,
ಎಲ್ಲಾ ಮನ್ಯಾಗೂ ನನ್ನಂಥಾಕಿ ಒಬ್ಬಾಕಿ ಕೂತಿರತಾಳ.

ಯಾದಗಿರಿಗೆ ಹೋಗೋ ಹಾಳ್ಯಾಗ
ಏಳು ರೂಪಾಯಿ ಅಂತ ಬರಸಿದೆ, ಪಾಯಖಾನಿ ಕೀಲಿ ಅಂತ ಬರಸಿದೆ,
ಪ್ರಶ್ನೆ ಇಲ್ಲದ ಜಾಗದಾಗ, ಅಂಚಿನಾಗ.
ಬರದಾಕಿ ಚಾಂದಬಿನೇ.
ಆಮ್ಯಾಲ ಪೆನ್ನು ಇಸಗೊಂಡೆ.
ಸಾ ಅಂತ ಬರದೆ.
ಬಾಲ ಇನ್ನಾ ಎಳದಿಲ್ಲ.