ಪೂರ್ಣ ವಿಳಾಸ

ಕೆಂಪು ಶಾಯಿಯಲ್ಲಿ ಮೊದಲು ಹೊಡೆದು ಹಾಕಿದ್ದು ಕೋಲಾರ ಜಿಲ್ಲೆ.
ಪಕ್ಕದಲ್ಲಿ ಬರೆದೆ: ಚಿಕ್ಕಬಳ್ಳಾಪುರ.
ಎಷ್ಟೋ ವರ್ಷದ ಮೇಲೆ ಬಾಗೇಪಲ್ಲಿ ತಾಲ್ಲೂಕನ್ನೂ ಹೊಡೆದು
ಚೇಳೂರು ಅಂದೆ.
ಚಿಂತಮಾಕಲಪಲ್ಲಿ ಮಾತ್ರ ಅಲ್ಲೇ ಇತ್ತು
ಹುಣಸೆ ನೆರಳಲ್ಲಿ ಮಲಗಿದ ಎಮ್ಮೆಯ ಹಾಗೆ,
ಯಾವ ಕಡೆಗೆ ಹಗ್ಗ ಜಗ್ಗಿದರೂ ಏಳದೆ.

ಗಂಗುಲಪ್ಪ ಪಹಣಿಗೆ ಹೋದರೆ
ಕಡತ ಹಳೇ ತಾಲ್ಲೂಕಲ್ಲಿದೆ ಅಂದರು ಇಲ್ಲಿ,
ಕಳಿಸಿ ಆಯ್ತಲ್ಲ ಅಂದರು ಅಲ್ಲಿ.
ಅವನ ಎರಡೆಕರೆ ಯಾವುದೋ ಜೀಪಿನ ಹಿಂದಿನ ಸೀಟಲ್ಲಿ
ಇನ್ನೂ ಪ್ರಯಾಣ ಮಾಡುತ್ತಿದೆ.

ನಮ್ಮೂರು ಬೈಯುವುದು ತೆಲುಗಲ್ಲಿ, ಅರ್ಜಿ ಕನ್ನಡದಲ್ಲಿ,
ಲೆಕ್ಕ ಎರಡರಲ್ಲೂ, ಬಾಕಿ ಯಾರದು ನೋಡಿಕೊಂಡು.
ಹಳ್ಳದಾಚೆ ಆಂಧ್ರ.
ಅಕ್ಕುಲಮ್ಮನ ತಂಗಿ ಪಾಪುಲಮ್ಮ ಅಲ್ಲಿಗೆ ಸೊಸೆ.
ರುಬ್ಬಿದ ಖಾರ ಆರುವುದರೊಳಗೆ
ಹೋಗಿ ಕೊಟ್ಟು ಬರಬಹುದು.
"ನಾವಿಬ್ಬರೂ ಕೊಟ್ಟ ಮನೇಲೇ ಇದೀವಿ,
ಜಿಲ್ಲೆಗೇ ನೋಡು ಕೂಡಿಕೆ ಆಗಿದ್ದು"
ಅಂತ ನಗುತ್ತಿದ್ದಳು ಅಕ್ಕುಲಮ್ಮ.

ಕಾಯಿಲೆಯ ವರ್ಷ ಜೆಸಿಬಿ ಬಂತು.
ದಾರಿಗೆ ಅಡ್ಡ ಆಳೆತ್ತರ ಮಣ್ಣು ಸುರಿದು ಹೋಯಿತು.
ಅಲ್ಲಿಯ ತನಕ ಗಡಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.
ಮಕ್ಕಳು ಗುಂಪಾಗಿ ನೋಡಲು ಹೋದರು.
ಇಷ್ಟೇನಾ, ಅಂದರು.
ಮೇಕೆಯೊಂದು ತುದಿಗೆ ಹತ್ತಿ
ಎರಡೂ ರಾಜ್ಯದ ಕಡೆ ಹಿಕ್ಕೆ ಉದುರಿಸಿತು.

ಅಕ್ಕುಲಮ್ಮ ಪಿಂಚಣಿಗೆ ಹೆಬ್ಬೆಟ್ಟು ಒತ್ತಿ
ಸಂಜೆ ಗುಡ್ಡೆಯ ಬುಡಕ್ಕೆ ಹೋಗಿ ಕೂರುವಳು.
ಆಚೆ ಬುಡದಲ್ಲಿ ತಂಗಿ.
ಮಾತು ಮಣ್ಣು ಹತ್ತಿ ಇಳಿಯಿತು, ಮುಖ ಹತ್ತಲಿಲ್ಲ.
ಒಂದು ದಿನ ಮಾತಿಗಿಂತ ಮೊದಲು ಕೆಮ್ಮು ಬಂತು.
ಮಾರನೇ ದಿನ ಅದೂ ಇಲ್ಲ.

ಫೋನಲ್ಲಿ ಗೊತ್ತಾಯಿತು ಎಲ್ಲರಿಗೂ.
ಪದ್ಧತಿ ಬಿಡಬಾರದಂತ ತಿಥಿ ಕಾರ್ಡು ಹಾಕಿದರು.
ಕೂಗಿದರೆ ಓಗೊಡುವ ಊರಿಂದ
ಕದಿರಿ, ಅನಂತಪುರ, ಬೆಂಗಳೂರು ಸುತ್ತಿಕೊಂಡು
ತಿಥಿ ಮುಗಿದ ಹನ್ನೊಂದನೇ ದಿನಕ್ಕೆ ನನ್ನ ಚೀಲ ಸೇರಿತು,
ಅರಿಶಿನವಿಲ್ಲದ ಕಾರ್ಡು, ಮೂಲೆ ಹರಿದದ್ದು.

ವಿಳಾಸ ಪಾಪುಲಮ್ಮನ ಟ್ರಂಕಿನ ಚೀಟಿಯಿಂದ
ಮೊಮ್ಮಗ ನೋಡಿ ಬರೆದದ್ದಿರಬೇಕು:
ಬಾಗೇಪಲ್ಲಿ ತಾಲ್ಲೂಕು, ಕೋಲಾರ ಜಿಲ್ಲೆ.
ಕೆಂಪು ಪೆನ್ನು ಜೇಬಲ್ಲೇ ಇತ್ತು.

ಮಳೆಗೆ ಗುಡ್ಡೆ ಕರಗಿ ಈಗ ಬೈಕು ಓಡಾಡುತ್ತವೆ.
ಆಚೆಯ ಜಿಲ್ಲೆಗೂ ಹೊಸ ಹೆಸರು ಬಂದಿದೆಯಂತೆ,
ಪಾಪುಲಮ್ಮನಿಗೆ ಗೊತ್ತಿಲ್ಲ.

ಆವತ್ತು ಜಗಲಿಯಲ್ಲಿ ಕಾರ್ಡು ಬಿಡಿಸಲು ಹೋದೆ.
"ಒಳಗಿಂದು ಬೇಡಪ್ಪ. ಮೇಲಿಂದು ಓದು."
ಓದಿದೆ, ಊರು, ತಾಲ್ಲೂಕು, ಜಿಲ್ಲೆ, ನಿಧಾನಕ್ಕೆ.
"ಹೂಂ," ಅಂದಳು ಅಕ್ಕುಲಮ್ಮ,
"ಇದೇ ಮನೆ."