ಕುಳಿ ತೋಡುವವನ ಲೆಕ್ಕ

ನಸುಕಿನ ಐದಕ್ಕೆ ಸಮಿತಿಯ ಹೆಂಗಸು
ಒದ್ದೆ ಚೀಟಿಯೊಂದನ್ನು ಕೈಗಿಟ್ಟಳು:
ಹದಿನೆಂಟನೆಯದು. ಮುಂದಿನಿಂದ ಇಪ್ಪತ್ತೊಂದು ಹೆಜ್ಜೆ,
ಎಡದಿಂದ ಐದು.
ಎರಡು ಖಂಡಗಳ ಹಣೆಬರಹಕ್ಕೆ
ಅಷ್ಟು ಅಕ್ಷರ ಸಾಕು.

ಅಳೆದೆ. ನನ್ನ ಕಾಲು ಗಿಡ್ಡ, ಊರಿಗೇ ಗೊತ್ತು,
ಕೊನೆಯಲ್ಲಿ ಒಂದು ಹೆಜ್ಜೆ ಕೊಸರು ಹಾಕಿಕೊಂಡೆ.
ಉಕ್ಕಿನ ಕೊಳವೆ ಇಳಿಸಿ, ತಿರುಚಿ, ಎತ್ತಿದರೆ
ಹುಲ್ಲಿನ ಟೋಪಿ ಹೊತ್ತ ಮರಳುಮಣ್ಣಿನ ಗಡ್ಡೆ,
ಹೊರಗಿನ ಗಾಳಿಗಿಂತ ಬೆಚ್ಚಗೆ.
ಅದನ್ನು ಮಗುವಿನ ಹಾಗೆ ಎತ್ತಿ ಒಯ್ದು
ನಿನ್ನೆಯ ಕುಳಿಗೆ ತುಂಬಿದೆ.
ಇಂದಿನ ಮಣ್ಣಿನಿಂದಲೇ ನಿನ್ನೆಯ ಬಾಯಿ ಮುಚ್ಚುವುದು
ಈ ಕಸುಬಿನ ಕ್ರಮ. ನಲವತ್ತು ವರ್ಷ ಹೀಗೇ.

ಹೊಸ ಕುಳಿಯ ಒಳಗೋಡೆಗೆ ಬಿಳಿ ಬಣ್ಣ ಬಳಿದು
ಏಳುವಾಗ ಮೊಣಕಾಲು ಹಿಡಿಯಿತು.
ಸಮುದ್ರದ ಕಡೆಗೆ ಹೆಬ್ಬೆರಳೂರಿದೆ.
ಅಂಚು ಉಬ್ಬಿತು, ಬಾರ್ಲಿ ಕಾಳಿನಷ್ಟು.
ತಟ್ಟಿದೆ. ಕೂತಿತು.
ಕೂತಿತು ಅಂದುಕೊಂಡೆ.

ಮಧ್ಯಾಹ್ನಕ್ಕೆ ಬಾಲ್‌ಕ್ರೇಗಿನ ದಿಬ್ಬಗಳ ಮೇಲೆ
ಮೊಲಕ್ಕೂ ಜಾಗವಿಲ್ಲ.
ಹಲಗೆಯಲ್ಲಿ ನೀಲಿ ಅಂಕಿ, ಕೆಂಪು ಅಂಕಿ;
ಕಪ್ಪೆ ತೂಗುವವನ ತಕ್ಕಡಿ.
ಒಂದನ್ನು ಕೂರಿಸಿದರೆ ಇನ್ನೊಂದು ಹಾರಿತು.
ಮೂರು ದಿನ, ಇಪ್ಪತ್ತೇಳು ಪಂದ್ಯ,
ಹದಿಮೂರೂವರೆ, ಹದಿಮೂರೂವರೆ.
ಉಳಿದದ್ದು ಒಂದು ಪಂದ್ಯ, ಅದೂ ಸಮಸಮ;
ಉಳಿದದ್ದು ಒಂದು ಕುಳಿ,
ನನ್ನದು.

ಸಿಗ್ನೆ ಬೋರುಪ್, ಡೆನ್ಮಾರ್ಕಿನ ಹುಡುಗಿ,
ನಾಲ್ಕರಲ್ಲಿ ಮುಗಿಸಿ ಪಕ್ಕಕ್ಕೆ ಸರಿದಳು
ಗ್ಲೌಸಿನ ಬೆರಳು ಕಚ್ಚುತ್ತ.
ಡಿಲೇನಿ ಟ್ರುಹೀಯೊ, ನ್ಯೂ ಮೆಕ್ಸಿಕೊದ ಒಣನಾಡಿನವಳು,
ಉಪ್ಪುಗಾಳಿಗೆ ಕಣ್ಣು ಕಿರಿದು ಮಾಡಿ
ಆರಡಿ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಳು.
ಅವಳದೂ ನಾಲ್ಕಾದರೆ ಸಮ, ಬಟ್ಟಲು
ಹಳೆಯ ಒಡೆಯರೊಡನೆ ಮತ್ತೆ ಕಡಲು ದಾಟುತ್ತದೆ.
ಇಲ್ಲವಾದರೆ ನಮ್ಮದು.

ಹೊಡೆದಳು.
ಚೆಂಡು ನಿದ್ದೆಗಣ್ಣಿನಲ್ಲಿ ಬಂದಂತೆ ಬಂತು,
ಸಮುದ್ರದ ಕಡೆಯ ಅಂಚಿಗೆ ಬಂದು
ನಿಂತಿತು.
ಅರ್ಧ ಹುಲ್ಲಿನ ಮೇಲೆ,
ಅರ್ಧ ಏನೂ ಇಲ್ಲದರ ಮೇಲೆ.

ಅವಳು ಹತ್ತಿರ ಬರುವಷ್ಟು ಹೊತ್ತು, ಆಮೇಲೆ ಹತ್ತು ಸೆಕೆಂಡು.
ಅಷ್ಟರೊಳಗೆ ಬಿದ್ದರೆ ಬಿದ್ದಂತೆ,
ಮೀರಿ ಬಿದ್ದರೆ ಒಂದು ಹೊಡೆತ ದಂಡ. ನಿಯಮ.

ನಾನು ಎಣಿಸಿದ್ದು ಅಜ್ಜಿಯ ಎಣಿಕೆ.
ಬಂದರಿನ ಕಟ್ಟೆಯಲ್ಲಿ, ಬೆರಳಿಗೆಲ್ಲ ಚಿಂದಿ ಸುತ್ತಿಕೊಂಡು
ಹೆರಿಂಗ್ ಸೀಳುತ್ತಿದ್ದವಳು:
ಒಂದು ಮೀನು, ಎರಡು ಮೀನು,
ಕರುಳು ಒಂದು ಕಡೆಗೆ, ಮೈ ಇನ್ನೊಂದು ಕಡೆಗೆ.
ಏಳು ಮೀನು. ಎಲ್ಲೋ ಒಂದು ಮಗು ಕೆಮ್ಮಿತು.
ಎಂಟು. ಧ್ವಜ ಹಿಡಿದವನ ಕೈ ನಡುಗುತ್ತಿತ್ತು.
ಒಂಬತ್ತು, ಹತ್ತು,
ಹನ್ನೊಂದನೆಯ ಮೀನು ಸೀಳುವಷ್ಟರಲ್ಲಿ
ಚೆಂಡು ಒಳಗಿತ್ತು.

ಒಂಬತ್ತು, ಅಂದ ತೀರ್ಪುಗಾರ, ಗಡಿಯಾರ ತೋರಿಸಿ.

ಆಮೇಲಿನದು ಕೂಗು, ಅಳು, ಬಿಯರು.
ಸಂಜೆ ಏಳಕ್ಕೆ, ಹಗ್ಗ ಸುತ್ತುತ್ತಿದ್ದೆ,
ಸಿಗ್ನೆ ಬರಿಗಾಲಲ್ಲಿ ಬಂದಳು.
ಕುಳಿಯೊಳಗೆ ಕೈಯಿಳಿಸಿ ತಡಕಾಡಿದಳು
ಏನನ್ನೋ ಮರೆತುಹೋದವಳ ಹಾಗೆ.
‘ನೀವು ಇಲ್ಲೇ ಇದ್ದಿರಲ್ಲ. ಎಷ್ಟು ಎಣಿಸಿದಿರಿ?’

ಹೇಳಬಹುದಿತ್ತು.
ಆದರೆ ಅಜ್ಜಿಯ ಕೈ ಬಲು ಚುರುಕು;
ಬೇರೆಯವರು ಒಂಬತ್ತು ಸೀಳುವಷ್ಟರಲ್ಲಿ
ಅವಳದು ಹನ್ನೊಂದಾಗುತ್ತಿತ್ತೋ ಏನೋ.
ಮತ್ತೆ ನನ್ನ ಹೆಬ್ಬೆರಳು ಇರದಿದ್ದರೆ
ಎಣಿಸುವ ಮಾತಾದರೂ ಎಲ್ಲಿ ಬರುತ್ತಿತ್ತು,
ಚೆಂಡು ನೇರ ಬಿದ್ದು ಸದ್ದು ಮಾಡುತ್ತಿತ್ತು.

‘ನಾನು ಮೀನು ಎಣಿಸುತ್ತಿದ್ದೆ’ ಅಂದೆ.
ಹುಚ್ಚನೆಂದುಕೊಂಡಳೇನೋ. ಆದರೂ ನಕ್ಕಳು,
ಉಗುರಲ್ಲಿ ಬಿಳಿ ಬಣ್ಣ ಹತ್ತಿತ್ತು.

ಬೆಳಿಗ್ಗೆ ಐದಕ್ಕೆ ಮತ್ತೆ ಹೋದೆ. ಚೀಟಿ ಇಲ್ಲ, ಯಾರೂ ಇಲ್ಲ.
ನನಗೆ ಸರಿಕಂಡಲ್ಲಿ ಹೊಸದು ತೋಡಿದೆ,
ಬೆಚ್ಚನೆಯ ಗಡ್ಡೆಯನ್ನು ಹೊತ್ತು ತಂದು
ಅದರ ಬಾಯಿಗಿಟ್ಟೆ,
ಮೆಟ್ಟಿದೆ, ನೀರು ಚಿಮುಕಿಸಿದೆ,
ಗಿಡ್ಡ ಕಾಲಲ್ಲಿ ಇನ್ನೊಮ್ಮೆ ಮೆಟ್ಟಿದೆ.