ಕೆಂಪು ದೀಪ ಎರಡು ಸಲ ಮಿಟುಕಿದರೆ

ಡಬ್ಬಿಯೊಳಗೆ ರಿಮೋಟಿನ ಜೊತೆ ಒಂದು ಚೀಟಿ ಬರುತ್ತದೆ,
ಎಂಟು ಮಡಿಕೆ, ಇರುವೆಯಂಥ ಅಕ್ಷರ,
ಒಂದು ಬದಿ ಚೀನೀ, ಇನ್ನೊಂದು ಬದಿ ಇಂಗ್ಲಿಷು.
ಗಿರಾಕಿಗಳು ಅದರಲ್ಲಿ ಶೇಂಗಾ ಕಟ್ಟಿಕೊಂಡು
ಮರುದಿನ ರಿಮೋಟನ್ನಷ್ಟೇ ವಾಪಸು ತರುತ್ತಾರೆ:
‘ಅಕ್ಕಾರ, ಇದು ಸತ್ತೈತ್ರಿ.’
ಸತ್ತಿಲ್ಲ. ಅದಕ್ಕೆ ಇನ್ನೂ ಯಾರೂ
ಏನೂ ಹೇಳಿಕೊಟ್ಟಿಲ್ಲ, ಅಷ್ಟೆ.

ಹಂಗಾಗಿ ನಾನೇ ಬರೆಯಲು ಕೂತೆ,
ಬೆಟಗೇರಿಯ ಅಂಗಡಿಯಲ್ಲಿ, ಮಧ್ಯಾಹ್ನ ಕರೆಂಟು ಹೋದಾಗ,
ನೂರು ಪುಟದ ಗೆರೆ ನೋಟುಬುಕ್ಕಿನಲ್ಲಿ.
‘ಹಳೇ ರಿಮೋಟು, ಹೊಸಾ ರಿಮೋಟು
ಎದುರುಬದುರು ಮಲಗಿಸ್ರಿ. ನಡುವ ನಾಕು ಬೆರಳು ಜಾಗ.’
ಯಾರ ಬೆರಳು, ಎಂದಳು ತಂಗಿಯ ಮಗಳು.
ಹೊಡೆದುಹಾಕಿ ಬರೆದೆ: ‘ಒಂದು ಕಡ್ಡಿಪೆಟ್ಟಿಗಿ ಜಾಗ.’

‘ಕಲಿಯೋ ಬಟನ್ನು ಒತ್ತಿ ಹಿಡೀರಿ.’
ಎಷ್ಟು ಹೊತ್ತು? ಚೀಟಿ ಮೂರು ಸೆಕೆಂಡು ಎನ್ನುತ್ತದೆ.
ಮೂರು ಸೆಕೆಂಡು ಅಂದರೆ ಏನೆಂದು ಈ ಊರಲ್ಲಿ ಯಾರಿಗೆ ಗೊತ್ತು?
‘ಕಂಡಕ್ಟರ್ ಕೂಗಿದಂಗ ಅನ್ರಿ:
ಅಣ್ಣಿಗೇರಿ, ಹುಬ್ಬಳ್ಳಿ, ಧಾರವಾಡ.
ಧಾರವಾಡ ಮುಟ್ಟೂದಕ್ಕ ಕೆಂಪು ದೀಪ ಹತ್ತತೈತಿ.’

ಹದಿನೇಳನೇ ಪುಟ ನನ್ನ ತಲೆ ತಿಂದಿತು,
ಒಂದೇ ಬಟನ್ನಿಗೆ ನಾಲ್ಕು ಕೆಲಸ ಕಟ್ಟುವುದು:
ಟೀವಿ ಹಚ್ಚು, ಡಿಶ್ ಹಚ್ಚು, ದನಿ ಏರಿಸು, ಚಾನೆಲ್ಲು ಹಿಡಿ.
ಬರೆದೆ, ಹರಿದೆ, ಬರೆದೆ.
ಫ್ಯಾನಿನ ಕಂಡೆನ್ಸರ್ ಒಯ್ಯಲು ಬಂದ ವಿಠ್ಠಲಸಾ ಕಬಾಡಿ
ಹಾಳೆ ಎತ್ತಿ ನೋಡಿ ನಕ್ಕರು.
‘ಇದೇನ್ ತಂಗಿ, ನಮ್ಮ ಜಕಾರ್ಡಿನ ರಟ್ಟು!
ತೂತು ಇದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಕೂಡತೈತಿ.
ರಟ್ಟು ಹಿಂದಮುಂದ ಹೊಲದ್ಯೋ,
ನವಿಲಿನ ಕಾಲು ತಲಿ ಮ್ಯಾಲ.’
ಅದನ್ನೇ ಬರೆದೆ.
ಅರ್ಧ ಓಣಿಗೆ ಹದಿನೇಳನೇ ಪುಟ ಈಗ ಬಾಯಿಪಾಠ.
ಇನ್ನರ್ಧ, ಮಗ್ಗ ಮಾರಿದವರು,
ಅದೊಂದು ಪುಟ ಬಿಟ್ಟು ಓದುತ್ತಾರೆ.

ಹತ್ತು ರೂಪಾಯಿಗೆ ಜೆರಾಕ್ಸ್ ಹಂಚಿದೆ.
ಪ್ರತಿಗಳು ಅಂಚಿನ ತುಂಬ ಗೀಚಿಸಿಕೊಂಡು ಮರಳಿದವು.
ಬೀಬಿಜಾನ್ ಟೀಚರು ಕೆಂಪು ಸುತ್ತು ಹಾಕಿದ್ದರು:
‘ಒತ್ತಿ’ ಬರೆಯುವಾಗಲೇ ನಾನು ಒತ್ತು ಮರೆತಿದ್ದೆ.
ಮುಳಗುಂದ ನಾಕಾದ ಯಾರೋ: ನಮ್ಮ ಟೀವಿಗೆ ೦೪೧೭ ಅಲ್ಲ, ೦೪೭೧.
ಒಂದರ ಬೆನ್ನ ಮೇಲೆ ಹಾಲಿನ ಲೆಕ್ಕ,
ಎರಡು ದಿನ ಬಂದಿಲ್ಲ.

ಆಮೇಲೆ ಬಂದರು ತಬಲಾ ಕಲಿಸುವ ಚನ್ನವೀರಯ್ಯ,
ಬಿಳಿ ಕೋಲು ಮೂಲೆಗೆ ನಿಲ್ಲಿಸಿ.
‘ಹುಡುಗ ಎಲ್ಲಾ ಓದಿ ಹೇಳ್ಯಾನ್ರಿ. ಛಲೋ ಬರದೀರಿ.
ದೀಪ ಮಿಟುಕಿದ್ದು ನನಗ ಹೇಳಾವ್ರು ಯಾರು?’
ಅವರು ಹೋದಮೇಲೆ ಎಣಿಸಿದೆ.
ಕೆಂಪು ದೀಪ, ನಲವತ್ತೊಂದು ಸಲ.

ಮೂರು ದಿನ ಪೆನ್ನು ಮುಟ್ಟಲಿಲ್ಲ.
ನಾಲ್ಕನೆಯ ದಿನ, ರಿಪೇರಿಗೆ ಬಂದ ಹಳೇ ರೇಡಿಯೋ,
ಮುಳ್ಳು ಧಾರವಾಡ ದಾಟಿ ಬರೀ ಸೂಸಾಟದಲ್ಲಿ ನಿಂತಿತ್ತು.
ಅದರ ಪಕ್ಕ ಸುಮ್ಮನೆ ಏನೋ ಒತ್ತಿದೆ:
ಗರ್‍ರ್, ಎಂದಿತು.
ಇನ್ನೊಂದು ಒತ್ತಿದೆ: ಬೇರೆ ಗರ್‍ರ್.
ಹುಡುಗನನ್ನು ಓಡಿಸಿದೆ, ಅವರನ್ನು ಕರೆಸಿದೆ.

ಕಿವಿ ಹಚ್ಚಿ ಕೂತರು, ಬೆರಳು ಮೇಜಿನ ಮೇಲೆ.
‘ದನಿ ಏರಿಸೂದು ತಿರಕಿಟ ಇದ್ದಂಗ ಐತಿ.
ಬಂದ್ ಮಾಡೂದು ಬರೇ ಧಾ.
ಹಳೇದು ಅಂದದ್ದನ್ನ ಹೊಸಾದೂ ಅಂತಂದ್ರ
ಕಲತೈತಿ ಅಂತ ತಿಳೀರಿ. ಅನಲಿಲ್ಲಾ,
ಇನ್ನೊಮ್ಮಿ ಹೇಳಿಕೊಡ್ರಿ. ಬಡೀಬ್ಯಾಡ್ರಿ.’
ಕಡೆಯ ಮಾತು ರಿಮೋಟಿಗೋ ಶಿಷ್ಯನಿಗೋ,
ಕೇಳಲಿಲ್ಲ. ಹಾಗೇ ಬರೆದುಕೊಂಡೆ.

ಎರಡನೇ ಪುಸ್ತಕದ ಮೊದಲ ಸಾಲು:
‘ರೇಡಿಯೋ ಹಚ್ಚ್ರಿ. ಯಾರೂ ಮಾತಾಡದ ಜಾಗಕ್ಕ ಮುಳ್ಳು ಒಯ್ರಿ.’
ಕಡೆಯ ಸಾಲು:
‘ಕೆಳಗಿನ ಹಸಿರು ಬಟನ್ನು ಯಾತಕ್ಕಂತ ನನಗೂ ಗೊತ್ತಿಲ್ಲ.
ಗೊತ್ತಾದವರು ಇಲ್ಲೇ ಪೆನ್ಸಿಲ್ಲಿನಾಗ ಬರೀರಿ.
ಜಾಗ ಬಿಟ್ಟೀನಿ.
ಅಂಗಡಿ ಸೋಮವಾರ ಬಂದ್.’